ಅರ್ಧ ಸುತ್ತು ಬಿಗಿದ ನಟ್ಟು

ನಿನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು 'ಕೆಸರು ತೊಳೆಯೋದು' ಎನ್ನುತ್ತಿದ್ದೆ. ಹೆಣ್ಣು ನೋಡಲು ಹೋದ ದಿನ ಮಾತ್ರ ನಮ್ಮಪ್ಪ ನನಗೆ ಬಾಯಿ ತೆರೆಯಲು ಬಿಡದೆ, 'ಎಣ್ಣಿ ಬಾವಿ ಇಂಜಿನಿಯರ್ ಅದಾನ್ರಿ' ಎಂದುಬಿಟ್ಟರು. ಅಪ್ಪ ಹೇಳಿದ್ದೂ ಸುಳ್ಳಲ್ಲ, ನಾನು ಹೇಳುತ್ತಿದ್ದದ್ದೂ ಸುಳ್ಳಲ್ಲ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂಬುದು ಮದುವೆಯ ನಂತರ ನನ್ನ ಅಂಗಿ ಒಗೆಯುವಾಗ ಹೆಂಡತಿಗೆ ತಿಳಿಯಿತು.

ಈ ಕಸುಬಿಗೆ ಹೊಸದಾಗಿ ಬರುವವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಬಡ್ತಿ ಬಂತು ಎಂಬುದು ನನಗೂ ಸರಿಯಾಗಿ ನೆನಪಿಲ್ಲ, ನಿಮಗೂ ಬೇಕಾಗಿಲ್ಲ. ನಾಲ್ಕು ಜನ ಹಾರ ಹಾಕಿ ಕಳಿಸಿದ ದಿನದ ಫೋಟೋ ಒಂದಿದೆ, ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ನೆನಪಿರುವುದು ಮಾಡಿದ ತಪ್ಪುಗಳು. ಅವುಗಳಲ್ಲಿ ಒಂದರಿಂದ ಬಸಣ್ಣನೆಂಬ ಮನುಷ್ಯನ ಕೆಲಸವೂ ಹೆಸರೂ ಹೋದವು. ಅದನ್ನು ಹೇಳಿ ಮುಗಿಸಬೇಕೆಂದೇ ಪೆನ್ನು ಹಿಡಿದಿದ್ದೇನೆ.

ಮೊದಲು ಕೆಲಸದ ಬಗ್ಗೆ ಎರಡು ಮಾತು. ಎಣ್ಣೆಗಾಗಿ ನೆಲ ಕೊರೆಯುವಾಗ ಪೈಪಿನೊಳಗಿಂದ ಒಂದು ಮಂದವಾದ ಮಣ್ಣುನೀರನ್ನು ಕೆಳಗೆ ತಳ್ಳುತ್ತಾರೆ. ಕೊರೆಯುವ ಅಟ್ಟಣೆಯ, ಅಂದರೆ ರಿಗ್ಗಿನ, ಜನ ಅದನ್ನು ಮಡ್ ಎನ್ನುತ್ತಾರೆ. ಅದು ಕೊರೆಯುವ ಹಲ್ಲನ್ನು ತಂಪಾಗಿಡುತ್ತದೆ, ಪುಡಿಯಾದ ಕಲ್ಲನ್ನು ಮೇಲಕ್ಕೆ ಹೊತ್ತು ತರುತ್ತದೆ, ತನ್ನ ಭಾರದಿಂದ ಒಳಗಿನ ಗ್ಯಾಸನ್ನು ಅದುಮಿ ಹಿಡಿಯುತ್ತದೆ. ಮೇಲೆ ಬರುವಾಗ ಅದರ ಜೊತೆ ಮರಳೂ ಬರುತ್ತದೆ, ಗ್ಯಾಸೂ ಬರುತ್ತದೆ. ಎರಡನ್ನೂ ಬೇರ್ಪಡಿಸಿ ಮಡ್ಡನ್ನು ಮತ್ತೆ ಕೆಳಗೆ ಕಳಿಸಬೇಕು. ಹಾಗೆ ಬೇರ್ಪಡಿಸುವ ಯಂತ್ರಗಳನ್ನು ಹೈದರಾಬಾದಿನ ನಾಚಾರಂನಲ್ಲಿ ಮಾಡುತ್ತಿದ್ದವರು ನಾವು. ನಾಲ್ಕು ಶೆಡ್ಡು, ಒಂದು ಬೇವಿನ ಮರ, ಹಿಂದುಗಡೆ ಪರೀಕ್ಷೆಗೆಂದು ಒಂದು ದೊಡ್ಡ ತೊಟ್ಟಿ. ಯಂತ್ರಗಳು ಅಲ್ಲಿಂದ ಲಾರಿ ಹತ್ತಿ ಗೋದಾವರಿ ಕಡಲು ಸೇರುವ ಕಡೆಗೆ ಹೋಗುತ್ತಿದ್ದವು. ಆಗ ಅದೆಲ್ಲ ಒಂದೇ ರಾಜ್ಯ, ಹೈದರಾಬಾದೇ ರಾಜಧಾನಿ.

ನಮ್ಮ ಕಾರ್ಖಾನೆಯ ಮ್ಯಾನೇಜರ್ ದೇಶಪಾಂಡೆ ಸಾಹೇಬರು. ಮೂಲ ಬೀದರಿನವರು. ಕೆಲಸಗಾರರ ಜೊತೆ ತೆಲುಗು, ಗಿರಾಕಿಗಳ ಜೊತೆ ಇಂಗ್ಲಿಷು, ಸಿಟ್ಟು ಬಂದಾಗ ನನ್ನ ಜೊತೆ ಕನ್ನಡ. ಹೀಗಾಗಿ ನನ್ನ ಪಾಲಿಗೆ ಬಂದ ಕನ್ನಡವೆಲ್ಲ ಬೈಗುಳದ ಕನ್ನಡವೇ. ಬೈದ ಅರ್ಧ ಗಂಟೆಗೆ 'ಚಹಾ ಆತೇನೋ ನಿಂದು?' ಎಂದು ಕೇಳುತ್ತಿದ್ದರು.

ನನ್ನ ಮೊದಲ ಪ್ರಮಾದ ಗ್ಯಾಸಿನದು. ಮೊದಲ ಸಲ ರಿಗ್ಗಿಗೆ ಹೋದಾಗ ಸಾಹೇಬರೂ ಜೊತೆಗಿದ್ದರು. ಬಾವಿಯಿಂದ ಬಂದ ಮಡ್ಡನ್ನು ತಕ್ಕಡಿಯ ಬಟ್ಟಲಿಗೆ ಹಾಕಿ ತೂಗಿದೆ. ತೂಕ ಕಡಿಮೆ ಬಂತು. ಮಡ್ ಹಗುರಾದರೆ ಒಳಗಿನ ಗ್ಯಾಸು ನುಗ್ಗಿ ಬರುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಕಡಪಾದಿಂದ ಬರುವ ಭಾರದ ಪುಡಿಯ ಚೀಲಗಳನ್ನು ಸುರಿಯಿರಿ ಎಂದು ಕೂಗಿಯೇಬಿಟ್ಟೆ. ಎರಡು ಚೀಲದ ಬಾಯಿ ಬಿಚ್ಚಿಯೂ ಆಗಿತ್ತು. ಅಷ್ಟರಲ್ಲಿ ಸಾಹೇಬರು ಓಡಿ ಬಂದು ಬಟ್ಟಲಿನೊಳಗೆ ಇಣುಕಿದರು.

'ಶರಣಪ್ಪ, ನಿಮ್ಮ ಕಾಚಿಗುಡಾದ ಮನಿಗೆ ಬರೂ ಹಾಲಿನವ ನೊರಿ ಸಮೇತ ಅಳದು ಕೊಟ್ರ ಸುಮ್ಮ ತೊಗೋತೀಯೇನು?'

'ಇಲ್ರಿ, ನೊರಿ ಇಳಿಯೂತನಕ ನಿಲ್ಲಸ್ತೀವ್ರಿ.'

'ಮತ್ತ ಇಲ್ಯಾಕ ಅವಸರ? ಇದು ನೊರಿ ಅದ. ಗ್ಯಾಸ್ ತಗಿ, ಆಮ್ಯಾಲೆ ತೂಗು.'

ಗ್ಯಾಸ್ ತೆಗೆಯುವ ತೊಟ್ಟಿಯಲ್ಲಿ ಗ್ಯಾಸನ್ನು ಎಳೆದು ತೆಗೆದ ಮೇಲೆ ಮಡ್ಡನ್ನು ಮತ್ತೆ ತೂಗಿದೆ. ತೂಕ ಸರಿಯಾಗಿಯೇ ಇತ್ತು. ಆ ಪುಡಿ ಸುರಿದಿದ್ದರೆ, ಗ್ಯಾಸು ಹೋದ ಮೇಲೆ ಮಡ್ ವಿಪರೀತ ಭಾರವಾಗಿ ಬಾವಿಯ ಗೋಡೆಯನ್ನೇ ಸೀಳಿಕೊಂಡು ನೆಲದೊಳಗೆ ಇಂಗಿಹೋಗುತ್ತಿತ್ತು. ತಪ್ಪು ನನ್ನದಾದರೂ ಸಾಹೇಬರು ಅದನ್ನು ಯಾರ ಮುಂದೆಯೂ ಆಡಲಿಲ್ಲ. ಅವರ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಅಲ್ಲಿಂದ. ಆಮೇಲೆ ಬಹಳ ವರ್ಷ ಅವರು ಹೇಳಿದ್ದಕ್ಕೆ ನಾನು ಎದುರಾಡಲಿಲ್ಲ.

ಇನ್ನು ಮರಳು. ಮರಳು ತೆಗೆಯುವುದು ಲಾಳಿಕೆಯಂಥ ಉಕ್ಕಿನ ಕೋನುಗಳಿಂದ. ಮಡ್ಡನ್ನು ಪಕ್ಕದಿಂದ ಜೋರಾಗಿ ಒಳಗೆ ಬಿಟ್ಟರೆ ಅದು ಗಿರಗಿರನೆ ಸುತ್ತುತ್ತದೆ. ಭಾರವಾದ ಮರಳು ಗೋಡೆಗೆ ಒರಗಿ ಕೆಳಗಿನ ಕಂಡಿಯಿಂದ ಹೊರಗೆ ಬೀಳುತ್ತದೆ, ಹಸನಾದ ಮಡ್ ಮೇಲಿನಿಂದ ವಾಪಸು ಹೋಗುತ್ತದೆ. ಕೆಳಗಿನ ಕಂಡಿಗೆ ಒಂದು ನಟ್ಟು. ಅದನ್ನು ಬಿಗಿದರೆ ಕಂಡಿ ಕಿರಿದಾಗುತ್ತದೆ, ಸಡಿಲಿಸಿದರೆ ಹಿರಿದಾಗುತ್ತದೆ.

ಸರಿಯಾಗಿ ಕೆಲಸ ಮಾಡುವ ಕೋನಿನಿಂದ ಮರಳು ಬಿಚ್ಚಿದ ಕೊಡೆಯ ಹಾಗೆ ಚೆದುರಿ ಬೀಳಬೇಕು. ನೋಡಿದವರಿಗೆ ಅದು ಇಷ್ಟವಾಗುವುದಿಲ್ಲ. ಬರೀ ನೀರು ಚೆಲ್ಲುತ್ತಿದೆ, ಒಳ್ಳೆಯ ಮಡ್ ಪೋಲಾಗುತ್ತಿದೆ ಎನ್ನುತ್ತಾರೆ. ನಟ್ಟು ಸ್ವಲ್ಪ ಬಿಗಿದರೆ ಮರಳು ಗಟ್ಟಿಯಾಗಿ ಹಗ್ಗದ ಹಾಗೆ ಇಳಿಯುತ್ತದೆ. ನೋಡಲು ಬಹಳ ಚಂದ. ಆದರೆ ಹಗ್ಗ ಇಳಿಯುತ್ತಿದೆ ಎಂದರೆ ಕೋನಿಗೆ ಉಸಿರು ಕಟ್ಟಿದೆ ಎಂದೇ ಅರ್ಥ. ಹೊರಗೆ ಬೀಳುವ ಮರಳಿಗಿಂತ ಮಡ್ಡಿನ ಜೊತೆ ವಾಪಸು ಹೋಗುವ ಮರಳೇ ಹೆಚ್ಚು.

ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾಚಾರಂನಲ್ಲಿ ನಮ್ಮದೊಂದು ಪದ್ಧತಿ ಇತ್ತು. ಗಿರಾಕಿಯ ಕಡೆಯ ಇನ್‌ಸ್ಪೆಕ್ಟರು ಯಂತ್ರ ನೋಡಲು ಬರುವ ದಿನ ಬೆಳಿಗ್ಗೆ ತೊಟ್ಟಿಯ ಮುಂದೆ ತೆಂಗಿನಕಾಯಿ ಒಡೆದು, ಪ್ರತಿ ಕೋನಿನ ನಟ್ಟನ್ನೂ ಅರ್ಧ ಸುತ್ತು ಬಿಗಿಯುತ್ತಿದ್ದೆವು. ಇನ್‌ಸ್ಪೆಕ್ಟರು ಬಂದು, ಹಗ್ಗದಂತೆ ಇಳಿಯುವ ಮರಳನ್ನು ಬೆರಳಿನಿಂದ ಮುಟ್ಟಿ ನೋಡಿ, 'ಶಾಭಾಸ್' ಎಂದು ಸಹಿ ಹಾಕಿ ಊಟಕ್ಕೆ ಹೋಗುತ್ತಿದ್ದರು. ಅವರು ಹೋದ ಮೇಲೆ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ರಿಗ್ಗಿನಲ್ಲಿ ಯಾರೂ ಕೈಯಾಡಿಸದಿರಲೆಂದು ಮೇಲೆ ಕೆಂಪು ಬಣ್ಣ ಬಳಿಯುತ್ತಿದ್ದೆವು. ಕೆಂಪು ಬಣ್ಣವೆಂದರೆ 'ಕಾರ್ಖಾನೆಯವರು ಕೂಡಿಸಿದ್ದು, ಮುಟ್ಟಬೇಡಿ' ಎಂದು ಅರ್ಥ. ಸಡಿಲಿಸುವುದೂ ಬಣ್ಣ ಬಳಿಯುವುದೂ ನನ್ನ ಕೆಲಸ. ಇದು ಮೋಸ ಎಂದು ನಮಗೆ ಒಂದು ದಿನವೂ ಅನ್ನಿಸಲಿಲ್ಲ. ಹೆಣ್ಣು ತೋರಿಸುವಾಗ ರೇಷ್ಮೆ ಸೀರೆ ಉಡಿಸುವುದಿಲ್ಲವೇ, ಅಷ್ಟೇ ಎಂದುಕೊಂಡಿದ್ದೆವು.

ಒಂದು ಸಲ ಇನ್‌ಸ್ಪೆಕ್ಷನ್ನಿನ ದಿನವೇ ಲಾರಿಯೂ ಬಂದು ನಿಂತಿತು. ಡ್ರೈವರು ಹಾರನ್ ಬಾರಿಸತೊಡಗಿದ. ಆ ಗಡಿಬಿಡಿಯಲ್ಲಿ ನಾನು ನಟ್ಟುಗಳನ್ನು ಸಡಿಲಿಸದೆಯೇ ಕೆಂಪು ಬಣ್ಣ ಬಳಿದು ಕಳಿಸಿಬಿಟ್ಟೆ. ಮರೆತಿದ್ದೇನೆ ಎಂಬುದೂ ನನಗೆ ಗೊತ್ತಾಗಲಿಲ್ಲ.

ಎರಡು ತಿಂಗಳಾದ ಮೇಲೆ ಆ ರಿಗ್ಗಿನಿಂದ ಕರೆ ಬಂತು. ಅಲ್ಲಿ ಮಡ್ ತಳ್ಳುವ ದೊಡ್ಡ ಪಂಪಿನ ಒಳಗಿನ ಕೊಳವೆ, ಪಿಸ್ಟನ್ನಿನ ರಬ್ಬರು ವಾರಕ್ಕೊಮ್ಮೆ ಸವೆದು ಹೋಗುತ್ತಿದ್ದವಂತೆ. ಪಂಪು ನೋಡಿಕೊಳ್ಳುವ ಮೆಕ್ಯಾನಿಕ್ಕು ಹೊಸ ರಬ್ಬರನ್ನು ಹೊರಗೆ ಮಾರಿ ಹಳೆಯದನ್ನೇ ಹಾಕುತ್ತಿದ್ದಾನೆಂದು ಅನುಮಾನಪಟ್ಟು ವಿಚಾರಣೆ ಹಚ್ಚಿದ್ದರು. ಅದು ಮುಗಿಯುವ ಮುಂಚೆ, ಕೋನುಗಳು ಸರಿಯಾಗಿವೆ ಎಂದು ನಮ್ಮ ಕಡೆಯಿಂದ ಒಂದು ಸಹಿ ಬೇಕಾಗಿತ್ತು. ದೇಶಪಾಂಡೆ ಸಾಹೇಬರು ನನ್ನನ್ನು ಕಳಿಸಿದರು.

ಆ ಮೆಕ್ಯಾನಿಕ್ಕೇ ಬಸಣ್ಣ. ರಾಯಚೂರು ಕಡೆಯವನು. ನನಗೆ ಮೊದಲಿನಿಂದ ಪರಿಚಯ. ಸುತ್ತಲೂ ತೆಲುಗೇ ಇದ್ದ ಆ ರಿಗ್ಗಿನಲ್ಲಿ ನಾನು ಬಂದರೆ ಅವನಿಗೆ ಹಬ್ಬ. 'ಬರ್ರಿ ಸಾಹೇಬ್ರ, ಬಾಯಿ ತುಂಬ ಮಾತಾಡೂಣು' ಎಂದು ತನ್ನ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ಮುಂದಿಡುತ್ತಿದ್ದ. ಐದು ವರ್ಷದಿಂದ ದಿನಗೂಲಿಯಲ್ಲಿದ್ದವನಿಗೆ ಆ ವರ್ಷ ಕಾಯಂ ಆಗುವುದಿತ್ತು. ಕಳ್ಳನೆಂದಾದರೆ ಕಾಯಂ ಇರಲಿ, ಯಾವ ರಿಗ್ಗೂ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ನಾನು ಕೋನುಗಳ ಹತ್ತಿರ ಹೋದೆ. ಎಲ್ಲ ಕೋನುಗಳಿಂದಲೂ ಮರಳು ಹಗ್ಗದಂತೆ ಇಳಿಯುತ್ತಿತ್ತು. ಪಾಳಿಯ ಮುಖ್ಯಸ್ಥ ನನ್ನ ಬೆನ್ನು ತಟ್ಟಿ, 'ನಿಮ್ಮ ಯಂತ್ರ ಬಂಗಾರ' ಎಂದ. ನಟ್ಟಿನ ಮೇಲೆ ನನ್ನ ಕೈಯಾರೆ ಬಳಿದ ಕೆಂಪು ಬಣ್ಣ ಒಂದಿಷ್ಟೂ ಬಿರುಕು ಬಿಟ್ಟಿರಲಿಲ್ಲ. ಲಾರಿಯ ಹಾರನ್ ನೆನಪಾಯಿತು. ಎರಡು ತಿಂಗಳಿಂದ ಮರಳೆಲ್ಲ ಮಡ್ಡಿನಲ್ಲೇ ಉಳಿದು ಪಂಪನ್ನು ತಿಂದಿತ್ತು.

'ಕಂಡಿ ಸ್ವಚ್ಛ ಮಾಡಬೇಕು' ಎಂದು ಹೇಳಿ ಮುಖ್ಯಸ್ಥನನ್ನು ಆಚೆ ಕಳಿಸಿದೆ. ಪಾನಾ ತೆಗೆದು ಒಂದೊಂದೇ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ಮರಳು ಕೊಡೆಯಂತೆ ಬಿಚ್ಚಿಕೊಂಡಿತು. ಚೀಲದಲ್ಲಿದ್ದ ಡಬ್ಬಿಯಿಂದ ಮತ್ತೆ ಕೆಂಪು ಬಣ್ಣ ಬಳಿದೆ.

ಬಣ್ಣ ಒಣಗುವ ಮುನ್ನವೇ ಬಸಣ್ಣ ಬಂದು ನಿಂತ. ಮೋರೆ ಸೊರಗಿತ್ತು.

'ಸಾಹೇಬ್ರ, ನಿಮ್ಮ ಮಶೀನು ಸರಿ ಐತೇನ್ರಿ?'

'ಸರಿ ಐತಿ ಬಸಣ್ಣ.'

'ಮತ್ತ ನನ್ನ ರಬ್ಬರ್ ಯಾಕ ಸವಿಯಾಕತ್ತೈತ್ರಿ? ನಮ್ಮ ದೇವರಾಣಿ, ಹೊಸಾದೇ ಹಾಕೀನ್ರಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಾಕತ್ತಾರ.'

'ನೋಡೂಣು' ಎಂದೆ. ನಾನು ಉತ್ತರ ಕೊಟ್ಟ ಹೊತ್ತಿಗೆ ಯಂತ್ರ ಸರಿಯಾಗಿಯೇ ಇತ್ತಲ್ಲ, ಹಾಗಾಗಿ ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. 'ಕೋನುಗಳು ಸುಸ್ಥಿತಿಯಲ್ಲಿವೆ' ಎಂಬ ಕಾಗದಕ್ಕೆ ಸಹಿ ಹಾಕಿ ಅಂದೇ ಹೊರಟುಬಿಟ್ಟೆ.

ಗಾಡಿಯಲ್ಲಿ ಕೂತ ಮೇಲೆ ತಲೆ ಓಡತೊಡಗಿತು. ನಟ್ಟು ಸರಿಯಾಗಿದೆ, ಇನ್ನು ರಬ್ಬರು ಸವೆಯುವುದಿಲ್ಲ. ಅಷ್ಟರಲ್ಲಿ ಬಸಣ್ಣನನ್ನು ತೆಗೆದು ಬೇರೆಯವನನ್ನು ಹಾಕಿದರೆ, ಹೊಸಬ ಬಂದೊಡನೆ ಪಂಪು ನೆಟ್ಟಗಾಯಿತು, ಅಂದಮೇಲೆ ಹಳಬ ಕಳ್ಳನೇ ಎಂದಾಗುತ್ತದೆ. ಗುಟ್ಟಾಗಿ ತಪ್ಪು ತಿದ್ದಿ ನಾನು ಅವನ ಕಳ್ಳತನಕ್ಕೆ ಸಾಕ್ಷಿ ಒದಗಿಸಿದ್ದೆ. ವಾಪಸು ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ನಾನು ಹೆದರಿದ್ದಂತೆಯೇ ಆಯಿತು. ಕೆಲವು ವಾರದಲ್ಲಿ ರಿಗ್ಗಿನಿಂದ ನಾಚಾರಂಗೆ ಮೆಚ್ಚುಗೆಯ ಪತ್ರ ಬಂತು. ನಿಮ್ಮ ಯಂತ್ರದಲ್ಲಿ ದೋಷವಿರಲಿಲ್ಲ, ಮೆಕ್ಯಾನಿಕ್ಕನ್ನು ತೆಗೆದ ಮೇಲೆ ಪಂಪಿನ ತೊಂದರೆ ನಿಂತಿದೆ, ಧನ್ಯವಾದ ಎಂದು ಬರೆದಿದ್ದರು. ದೇಶಪಾಂಡೆ ಸಾಹೇಬರು ಅದನ್ನು ಬೋರ್ಡಿಗೆ ಅಂಟಿಸಿ ಎಲ್ಲರಿಗೂ ಜಿಲೇಬಿ ತರಿಸಿದರು. ನನ್ನ ಕೈಗೂ ಒಂದು ಬಂತು. ಬಾಯಲ್ಲಿಟ್ಟುಕೊಂಡೆ. ಬೇವಿನ ಮರದ ಹಿಂದೆ ಹೋಗಿ ಉಗುಳಿ ಬಂದು ಸಾಹೇಬರ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

'ಈಗ ಹೇಳಿ ಏನು ಮಾಡಾಂವ? ಹರಿಶ್ಚಂದ್ರ ಆಗ್ಲಿಕ್ಕೆ ಹೊಂಟೀಯೇನು?'

'ಅಂವ ಕಳ್ಳ ಅಲ್ರಿ ಸಾಹೇಬ್ರ.'

'ಗೊತ್ತಾತಲ್ಲ. ಅರ್ಧ ಸುತ್ತಿನ ಸುದ್ದಿ ಹೊರಗ ಹೋತಂದ್ರ ಯಾರು ನಮ್ಮ ಹತ್ರ ಬರ್ತಾರ? ನಾಕು ಶೆಡ್ಡಿನ ಮಂದಿ ಮನಿಗೆ ಹೋಗ್ತಾರ. ಬಸಣ್ಣ ಕೆಲಸಗಾರ, ಅವಗ ಎಲ್ಲೆರೆ ಸಿಗ್ತದ.'

ಅದು ತಳ್ಳಿಹಾಕುವ ಮಾತಲ್ಲ. ಆ ನಾಲ್ಕು ಶೆಡ್ಡಿನವರ ಮಕ್ಕಳ ಹೆಸರು ಕೂಡ ನನಗೆ ಗೊತ್ತಿತ್ತು. ಹನ್ನೊಂದು ದಿನ ಸುಮ್ಮನಿದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಶೆಡ್ಡಿನಲ್ಲಿ ಯಾರು ಪಾನಾ ಕೆಳಗೆ ಬೀಳಿಸಿದರೂ ಬೆಚ್ಚುತ್ತಿದ್ದೆ. ಹನ್ನೆರಡನೆಯ ದಿನ ರಜೆಯ ಚೀಟಿ ಹಿಡಿದು ಸಾಹೇಬರ ಮುಂದೆ ನಿಂತೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಸಹಿ ಹಾಕಿ, 'ನಾ ಕಳಿಸಿಲ್ಲ. ಖರೆ, ನಾ ತಡದೂ ಇಲ್ಲ' ಎಂದರು.

ನೇರ ರಿಗ್ಗಿಗೆ ಹೋದೆ. ಅಲ್ಲಿನ ಸೂಪರಿಂಟೆಂಡೆಂಟು ಹೆಚ್ಚು ಮಾತಿನ ಮನುಷ್ಯನಲ್ಲ. ಹೇಳಿ ನಂಬಿಸುವ ಬದಲು ತೋರಿಸುತ್ತೇನೆ ಎಂದೆ. ಅವರ ಕಣ್ಣೆದುರಿಗೇ ಎಲ್ಲ ನಟ್ಟುಗಳನ್ನೂ ಅರ್ಧ ಸುತ್ತು ಬಿಗಿದೆ. ಒಂದು ಗಂಟೆ ಓಡಿಸಿ, ಪಂಪಿಗೆ ಹೋಗುವ ಮಡ್ಡನ್ನು ತೆಗೆದು ಸಣ್ಣ ಜರಡಿಯಲ್ಲಿ ತೊಳೆದು, ಉಳಿದ ಮರಳನ್ನು ಗಾಜಿನ ಕೊಳವೆಗೆ ಹಾಕಿ ನಿಲ್ಲಿಸಿದೆ. ಆಮೇಲೆ ನಟ್ಟು ಸಡಿಲಿಸಿ, ಮತ್ತೆ ಒಂದು ಗಂಟೆ ಓಡಿಸಿ, ಎರಡನೆಯ ಕೊಳವೆ. ಮೊದಲನೆಯದರಲ್ಲಿ ಬೆರಳಿನಷ್ಟು ಮರಳು ಕೂತಿತ್ತು. ಎರಡನೆಯದರಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಸೂಪರಿಂಟೆಂಡೆಂಟು ಎರಡನ್ನೂ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಮುಖ ನೋಡಲಿಲ್ಲ. ಬಸಣ್ಣನ ಮೇಲಿನ ಆರೋಪ ತಪ್ಪು, ಅವನು ಮತ್ತೆ ಕೆಲಸಕ್ಕೆ ಬರಬಹುದು ಎಂದು ಪತ್ರ ಬರೆಸಿ ನನ್ನ ಕೈಗೆ ಕೊಟ್ಟು, 'ನೀವೇ ಮುಟ್ಟಿಸಿ' ಎಂದರು.

ಅವರ ಮುಂದಿನ ಆರ್ಡರು ನಮಗೆ ಬರಲಿಲ್ಲ. ಒಂದು ಶೆಡ್ಡು ಆರು ತಿಂಗಳು ಮುಚ್ಚಿತ್ತು. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಆದರೆ ಬಹಳ ದಿನ ಯಾರೂ ನನ್ನ ಜೊತೆ ಡಬ್ಬಿ ಬಿಚ್ಚಲಿಲ್ಲ. ಅರ್ಧ ಸುತ್ತಿನ ಪದ್ಧತಿ ಅಲ್ಲಿಗೆ ನಿಂತಿತು. ಮುಂದೆ ಇನ್‌ಸ್ಪೆಕ್ಟರು ಬಂದರೆ ಹಗ್ಗ ತೋರಿಸುವುದನ್ನು ಬಿಟ್ಟು ಗಾಜಿನ ಕೊಳವೆ ತೋರಿಸತೊಡಗಿದೆವು. ಈಗ ನಿಮ್ಮ ಕಾಲಕ್ಕೆ ಪರದೆಯ ಮೇಲೆ ಅಂಕಿಗಳೇ ಬರುತ್ತವಂತೆ. ಬರಲಿ, ಸಂತೋಷ. ಆದರೂ ದಿನಕ್ಕೊಮ್ಮೆ ಹೋಗಿ ಕೋನಿನ ಕೆಳಗೆ ಕೈಯೊಡ್ಡಿ ನೋಡಿ. ಚಂದ ಕಾಣುವುದನ್ನು ಮಾತ್ರ ಸುಲಭಕ್ಕೆ ನಂಬಬೇಡಿ.

ಬಸಣ್ಣ ಹೈದರಾಬಾದಿನದೇ ಜೀಡಿಮೆಟ್ಲಾದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಪಂಪು ರಿಪೇರಿಗೆ ಸೇರಿದ್ದಾನೆಂದು ರಿಗ್ಗಿನ ಜನ ಹೇಳಿದ್ದರು. ಪತ್ರ ಹಿಡಿದು ರಿಗ್ಗಿನಿಂದ ವಾಪಸು ಬಂದ ಮರುದಿನವೇ, ಮಧ್ಯಾಹ್ನದ ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ಕಾದೆ. ಹೊರಗೆ ಬಂದವನು ನನ್ನನ್ನು ನೋಡಿ ಹಳೆಯ ನಗೆಯನ್ನೇ ನಕ್ಕ. ನಿಂತಲ್ಲೇ ಎಲ್ಲ ಹೇಳಿ ಪತ್ರ ಕೊಟ್ಟೆ. ಅವನ ನಗೆ ಮೆಲ್ಲಗೆ ಆರಿತು.

'ಅವತ್ತ ನಾ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?'

'ಗೊತ್ತಿತ್ತು.'

ಪತ್ರವನ್ನು ಮಡಿಚಿ ನನಗೇ ವಾಪಸು ಕೊಟ್ಟ. 'ಕೆಲಸದ್ದು ಆಮ್ಯಾಲೆ ನೋಡೂಣ್ರಿ. ನನ್ನ ಹೇಣ್ತಿನ್ನ ಅವರಪ್ಪ ಪಟಾನ್‌ಚೆರುಕ ಕರಕೊಂಡು ಹೋಗ್ಯಾನ. ಕಳ್ಳನ ಮನ್ಯಾಗ ಮಗಳು ಇರೂದು ಬ್ಯಾಡ ಅಂದಾನ. ನಾ ಹೇಳಿದ್ರ ನಂಬೂದಿಲ್ಲ. ಕಾಗದ ಯಾರರ ಬರೀತಾರ. ನೀವು ಬಂದು ಬಾಯಿಲೆ ಹೇಳ್ರಿ.'

ಆ ಭಾನುವಾರವೇ ಇಬ್ಬರೂ ಪಟಾನ್‌ಚೆರು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಆಚೆ ನೋಡುತ್ತ ಕೂತ. ಅವನ ಮಾವ ಔಷಧಿ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಎರಡು ಕೋಣೆಯ ಮನೆ. ಅಳಿಯನನ್ನು ಕಂಡು ಅವರು 'ಬಾ' ಎನ್ನಲಿಲ್ಲ. ನನಗೆ ಮಾತ್ರ ಕುರ್ಚಿ ಹಾಕಿದರು. ನಾನು ನಿಂತೇ ಹೇಳಿದೆ. ಕೋನು, ನಟ್ಟು, ಕೆಂಪು ಬಣ್ಣ, ಲಾರಿ, ನನ್ನ ಸಹಿ, ಒಂದನ್ನೂ ಬಿಡಲಿಲ್ಲ. ಬಾಯ್ಲರಿನ ಮನುಷ್ಯರಲ್ಲವೇ, ನಟ್ಟಿನ ಮಾತು ಅವರಿಗೆ ತಟ್ಟನೆ ತಿಳಿಯಿತು.

'ಬಿಗದವ್ರು ನೀವು. ಸಡ್ಲ ಮಾಡಿದವ್ರೂ ನೀವು. ನಡುವ ಇಂವ ಹ್ಯಾಂಗ ಕಳ್ಳ ಆದ?'

'ನಾ ಸುಮ್ಮನಿದ್ದೆ, ಅದಕ್ಕ ಆದ್ರಿ.'

ಒಳಬಾಗಿಲಲ್ಲಿ ಬಸಣ್ಣನ ಹೆಂಡತಿ ಮಾದೇವಿ ನಿಂತಿದ್ದಳು. ಯಾವಾಗ ಬಂದು ನಿಂತಳೋ ನೋಡಿರಲಿಲ್ಲ.

'ಯಾಕ ಸುಮ್ಮನಿದ್ರಿ?' ಎಂದಳು.

ಇಷ್ಟು ಸಣ್ಣ ಪ್ರಶ್ನೆಗೆ ಬಸ್ಸಿನಲ್ಲಿ ಕೂತು ಏನೇನೋ ಉತ್ತರ ಹೊಂದಿಸಿದ್ದೆ. ನಾಲ್ಕು ಶೆಡ್ಡಿನ ಜನ, ಅವರ ಮಕ್ಕಳುಮರಿ, ಕಾರ್ಖಾನೆಯ ಹೆಸರು. ಆಕೆಯ ಮುಂದೆ ಅವನ್ನೆಲ್ಲ ಬಿಟ್ಟೆ.

'ಹೆದರಿದ್ದೆನವ್ವಾ. ನನ್ನ ನೌಕರಿ ಹೋದೀತು ಅಂತ ಹೆದರಿದ್ದೆ.'

'ಇವ್ರಿಗೂ ಹೆದರಿಕಿ ಇತ್ರಿ. ನಿನ್ನ ಕೈಕೆಳಗಿನ ಹೆಲ್ಪರ್ ಕದ್ದಾನ ಅಂತ ಬರದು ಕೊಡು, ನಿನ್ನ ಬಿಡ್ತೀವಿ ಅಂದಿದ್ರಂತ. ಇವ್ರು ಬರದು ಕೊಡಲಿಲ್ಲ.'

ಅದು ನನಗೆ ಗೊತ್ತೇ ಇರಲಿಲ್ಲ. ಬಸಣ್ಣ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಮಾವ ಎದ್ದು ಹೋಗಿ ತಾವೇ ತಂಬಿಗೆಯಲ್ಲಿ ನೀರು ತಂದು ಅಳಿಯನ ಕೈಗೆ ಕೊಟ್ಟರು. ಮಾದೇವಿ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಬಟ್ಟೆಯ ಚೀಲ ಹಿಡಿದು ಬಂದಳು. 'ನಡೀರಿ' ಎಂದು ಗಂಡನಿಗೆ ಹೇಳಿ ಚಪ್ಪಲಿ ಮೆಟ್ಟಿದಳು.

ಮೂವರೂ ಬಸ್ ಸ್ಟಾಪಿನವರೆಗೆ ನಡೆದೆವು. ಬಸ್ಸು ಬಂತು, ಖಾಲಿಯೇ ಇತ್ತು. ಮಾದೇವಿ ಮೊದಲು ಹತ್ತಿದಳು, ಹಿಂದೆ ಬಸಣ್ಣ. ನಾನು ಮೆಟ್ಟಿಲಿಗೆ ಕಾಲಿಟ್ಟಾಗ ಆಕೆ ತಿರುಗಿ ನೋಡಿ, ಸಿಟ್ಟಿಲ್ಲದ ದನಿಯಲ್ಲೇ, 'ನೀವು ಮುಂದಿನ ಬಸ್ಸಿಗೆ ಬರ್ರಿ' ಎಂದಳು. ನಾನು ಕಾಲು ಕೆಳಗಿಟ್ಟೆ. ಮುಂದಿನ ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದೆ.